ಚಾರ್ಟರ್ ಬೋಟ್ ಬುಕ್ ಮಾಡಬೇಕು: ಬೆಳಗ್ಗೆ 6, ಮಧ್ಯಾಹ್ನ 1, ಸಂಜೆ 5. ಯಾವ ಹೊತ್ತು ಒಳ್ಳೆಯದು?

#1 ಮೊದಲ_ಗಾಳ

ಎಲ್ಲರಿಗೂ ನಮಸ್ಕಾರ. ಕೆರೆ ಏರಿ ಮೇಲೆ ಕೂತು ಗಾಳ ಹಾಕಿದ್ದು ಬಿಟ್ಟರೆ ನನಗೆ ಈ ವಿದ್ಯೆ ಗೊತ್ತಿಲ್ಲ. ಸಮುದ್ರದಲ್ಲಿ ಮೀನು ಹಿಡಿಯಲು ಹೋಗುವುದು ಇದೇ ಮೊದಲು. ನಾಲ್ಕು ಗಂಟೆಯ ಚಾರ್ಟರ್ ಬೋಟ್ ನೋಡಿದ್ದೇನೆ. ಬರುವವರು ನಾನು, ಅಪ್ಪ (68 ವರ್ಷ, ಮಂಡಿ ನೋವು), ಮಗ (10 ವರ್ಷ), ಮತ್ತು ನನ್ನ ಭಾವ.

ಮೂರು ಹೊತ್ತು ಕೊಟ್ಟಿದ್ದಾರೆ. ಬೆಳಗ್ಗೆ 6ರಿಂದ 10, ಮಧ್ಯಾಹ್ನ 1ರಿಂದ 5, ಸಂಜೆ 5ರಿಂದ 9. ದುಡ್ಡು ಮೂರಕ್ಕೂ ಒಂದೇ. ಬೆಳಗಿನ ಜಾವ ಬಿಟ್ಟರೆ ಮೀನು ಕಚ್ಚುವುದೇ ಇಲ್ಲ ಅನ್ನುತ್ತಾರೆ ಭಾವ. ಆದರೆ ಮಗನನ್ನು ಐದು ಗಂಟೆಗೆ ಎಬ್ಬಿಸುವುದು ಮೀನು ಹಿಡಿಯುವುದಕ್ಕಿಂತ ಕಷ್ಟ. ನಿಜವಾಗಿಯೂ ಅಷ್ಟು ವ್ಯತ್ಯಾಸ ಇದೆಯಾ?

#2 ಅಲೆಗಾರ

ಬೆಳಗ್ಗೆ. ಯೋಚನೆಯೇ ಬೇಡ.

#3 ಅನುಮಾನದ_ಅಣ್ಣ

ಯಾಕೆ ಅಂತ ಒಂದು ಸಾಲು ಬರೆದರೆ ಪುಣ್ಯ ಬರುತ್ತಿತ್ತು. ಎಲ್ಲರೂ ಬೆಳಗ್ಗೆಯೇ ಹೋಗುತ್ತಾರೆ, ಹಾಗಾಗಿ ಜಾಸ್ತಿ ಮೀನು ಸಿಗುವುದೂ ಬೆಳಗ್ಗೆಯೇ. ಇದರಿಂದ ಮೀನಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಮನುಷ್ಯರು ಎಷ್ಟು ಹೊತ್ತಿಗೆ ಏಳುತ್ತಾರೆ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

#4 ಹಳೇ_ಡೆಕ್ಕು

ನಾನು ಆರೇಳು ವರ್ಷ ಚಾರ್ಟರ್ ಬೋಟ್‌ನಲ್ಲಿ ಕೆಲಸಕ್ಕಿದ್ದೆ. ಗಾಳಕ್ಕೆ ಎರೆ ಚುಚ್ಚುವುದು, ದಾರದ ಸಿಕ್ಕು ಬಿಡಿಸುವುದು, ವಾಂತಿ ತೊಳೆಯುವುದು. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಮೊದಲು ಲೆಕ್ಕ ಹಾಕಿ. ನಾಲ್ಕು ಗಂಟೆ ಅಂದರೆ ದಡ ಬಿಟ್ಟಾಗಿನಿಂದ ದಡ ಮುಟ್ಟುವವರೆಗೆ. ಬೋಟ್ 20 ನಾಟ್ ವೇಗದಲ್ಲಿ ಓಡಿದರೆ ಗಂಟೆಗೆ 37 ಕಿ.ಮೀ. ಮೀನಿನ ಜಾಗ 30 ಕಿ.ಮೀ. ದೂರ ಇದ್ದರೆ ಹೋಗುವುದಕ್ಕೆ 50 ನಿಮಿಷ, ಬರುವುದಕ್ಕೆ 50 ನಿಮಿಷ. ಎರೆಗೆ ಅಂತ ದಾರಿಯಲ್ಲಿ ಸಣ್ಣ ಮೀನು ಹಿಡಿಯಲು ನಿಂತರೆ ಇನ್ನೊಂದು ಅರ್ಧ ಗಂಟೆ. ಉಳಿಯುವುದು ಎರಡು ಗಂಟೆಗಿಂತ ಕಡಿಮೆ. 6ಕ್ಕೆ ಹೊರಟರೂ ಗಾಳ ನೀರಿಗೆ ಬೀಳುವಾಗ 7:20. ನಿಮ್ಮ ಭಾವ ಹೇಳುವ 'ಬೆಳಗಿನ ಜಾವ' ಅಷ್ಟರಲ್ಲಿ ಮುಗಿದು ಬಿಸಿಲು ಬಂದಿರುತ್ತದೆ. ಹಾಗಾಗಿ ಕ್ಯಾಪ್ಟನ್‌ಗೆ ಮೊದಲು ಕೇಳಬೇಕಾದದ್ದು ಹೊತ್ತು ಅಲ್ಲ. ಎಲ್ಲಿಗೆ ಹೋಗುತ್ತೀರಿ, ಅಲ್ಲಿಗೆ ಎಷ್ಟು ನಿಮಿಷ, ಯಾವ ಮೀನಿಗೆ ಹೋಗುತ್ತೀರಿ. ಅದು ಕೇಳಿ.

ಇಷ್ಟಾದರೂ ನನ್ನ ಓಟು ಬೆಳಗ್ಗೆಗೇ. ಕಾರಣ ಮೀನಲ್ಲ, ಗಾಳಿ. ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದ ಜಾಗಕ್ಕೆ ಸಮುದ್ರದ ಕಡೆಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಬಿಸಿಲಿನ ದಿನ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಂಚೆ ಇದು ಶುರುವಾಗಿ, ಎರಡು ಮೂರು ಗಂಟೆ ಹೊತ್ತಿಗೆ ಜೋರಾಗಿ, ಸೂರ್ಯ ಇಳಿದ ಮೇಲೆ ಸುಮ್ಮನಾಗುತ್ತದೆ. ರಾತ್ರಿ ಉಲ್ಟಾ: ನೆಲದಿಂದ ಸಮುದ್ರಕ್ಕೆ ತೆಳುವಾಗಿ ಬೀಸುತ್ತದೆ. ಅದಕ್ಕೇ ಬೆಳಗ್ಗೆ ದಡದ ಹತ್ತಿರ ನೀರು ಎಣ್ಣೆ ಸುರಿದ ಹಾಗೆ ಇರುವುದು. ಬಿಸಿ, ತೇವ ಎರಡೂ ಜಾಸ್ತಿ ಇರುವ ಕಡೆ ಗುಡುಗು ಮಳೆ ಕಟ್ಟುವುದೂ ಮಧ್ಯಾಹ್ನದ ಮೇಲೆಯೇ.

10 ನಾಟ್ ಒಳಗಿನ ಗಾಳಿ ಹೊಸಬರಿಗೆ ಆರಾಮ. 11ರಿಂದ 16 ನಾಟ್ ಆಯಿತು ಅಂದರೆ ಎಲ್ಲಿ ನೋಡಿದರೂ ಬಿಳಿ ನೊರೆ. ಕುಲುಕುವ ಬೋಟ್‌ನಲ್ಲಿ ಬೀಳದೆ ನಿಲ್ಲುವ ಕೆಲಸ ಎಲ್ಲಾ ಮಂಡಿಯದು. ನಿಮ್ಮ ಅಪ್ಪನವರಿಗೆ ಮಧ್ಯಾಹ್ನದ ಟ್ರಿಪ್ ನಾಲ್ಕು ಗಂಟೆಯ ಬೈಠಕ್ ಆಗುತ್ತದೆ.

#5 ಕಡಲಕ್ಕಿ

ಹಳೇ_ಡೆಕ್ಕು ಸರ್ ಗಾಳಿಯ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮೀನಿಗೂ ಬೆಳಗ್ಗೆ-ಸಂಜೆಯ ಲೆಕ್ಕ ಇದೆ. ಸುಮ್ನೆ ಹಳೇ ಮಾತು ಅಂತ ತಳ್ಳಿಹಾಕಬೇಡಿ.

ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗುತ್ತದೆ, ಬೆಳಕಲ್ಲಿ ಕುಗ್ಗುತ್ತದೆ. ಬಹುಪಾಲು ಮೀನುಗಳಿಗೆ ಆ ಅನುಕೂಲ ಇಲ್ಲ. ಬೆಳಕು ಬದಲಾದರೆ ಕಣ್ಣಿನ ಒಳಪದರದಲ್ಲಿರುವ ಕೋಶಗಳೇ ಹಿಂದೆ ಮುಂದೆ ಸರಿದು ಹೊಂದಿಕೊಳ್ಳಬೇಕು. ಅದಕ್ಕೆ ಹತ್ತಾರು ನಿಮಿಷ ಹಿಡಿಯುತ್ತದೆ. ಆ ಮಧ್ಯದ ಹೊತ್ತಿನಲ್ಲಿ ಭೂತಾಯಿ, ಬಂಗುಡೆಯಂಥ ಗುಂಪಿನ ಮೀನುಗಳಿಗೆ ಪಕ್ಕದವರು ಸರಿಯಾಗಿ ಕಾಣುವುದಿಲ್ಲ, ಗುಂಪು ಸಡಿಲವಾಗುತ್ತದೆ. ಕೆಳಗಿರುವ ದೊಡ್ಡ ಮೀನಿಗೆ ಮೇಲಿನ ಆಕಾಶದ ಬೆಳಕಿಗೆ ಎದುರಾಗಿ ಇವುಗಳ ನೆರಳು ಕಾಣುತ್ತದೆ. ಇವುಗಳಿಗೆ ಕೆಳಗಿನ ಕತ್ತಲಲ್ಲಿರುವ ಅದು ಕಾಣುವುದಿಲ್ಲ. ಅಂಜಲ್, ಟ್ಯೂನಾ ನಸುಕಿನಲ್ಲಿ ನೀರು ಚಿಮ್ಮಿಸಿಕೊಂಡು ಬೇಟೆಯಾಡುವುದು ಇದಕ್ಕೇ.

ಇನ್ನೊಂದು ವಿಷಯ. ಸೂರ್ಯ ಅಡ್ಡಡ್ಡ ಇರುವಾಗ ಬೆಳಕಿನ ದೊಡ್ಡ ಪಾಲು ನೀರಿನ ಮೇಲಿನಿಂದಲೇ ಜಾರಿ ಹೋಗುತ್ತದೆ. ಹಾಗಾಗಿ ನೀರಿನೊಳಗೆ ಬೆಳಗಾಗುವುದು ತಡ, ಕತ್ತಲಾಗುವುದು ಬೇಗ. ನಮಗೆ ಪೂರ್ತಿ ಬೆಳಗಾದರೂ ಕೆಳಗೆ ಇನ್ನೂ ಮಬ್ಬು ಇರುತ್ತದೆ. ಮೋಡ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಅಂದರೆ ಏಳು ಗಂಟೆಗೆ ಗಾಳ ಬಿದ್ದರೂ ಪೂರ್ತಿ ತಡವಾಯಿತು ಅಂತ ಅಲ್ಲ.

#6 ಅನುಮಾನದ_ಅಣ್ಣ

ಅಕ್ಕಾ, ಮೇಲೆ ಓಡಾಡುವ ಮೀನಿಗೆ ನಿಮ್ಮ ಮಾತು ಒಪ್ಪಿದೆ. ಆದರೆ ಮಧ್ಯಾಹ್ನ ಮೀನು ನಿದ್ದೆ ಮಾಡುತ್ತದೆ ಅನ್ನುವ ಹಾಗೆ ಜನ ಮಾತಾಡುತ್ತಾರಲ್ಲ, ಅದು ಒಪ್ಪಿಲ್ಲ. ತಳದ ಕಲ್ಲಿನ ಸಂದಿಯಲ್ಲಿರುವ ಗ್ರೂಪರ್ ನಡುಹಗಲಲ್ಲೂ ಕಚ್ಚುತ್ತದೆ. ತೇಲುವ ಮರದ ದಿಮ್ಮಿ, ಪಾಚಿಯ ಕೆಳಗೆ ನಿಲ್ಲುವ ಮಾಹಿಮಾಹಿಯನ್ನು ಹುಡುಕಬೇಕಾದರೆ ಸೂರ್ಯ ನೆತ್ತಿಯ ಮೇಲಿದ್ದರೇ ಒಳ್ಳೆಯದು. ನೀರಿನೊಳಗೆ ಕಣ್ಣು ಹೋಗುತ್ತದೆ.

ಕತ್ತಿಮೀನು ನೋಡಿ, ಅದೇ ಮೂತಿ ಉದ್ದ ಇರುವ ಸ್ವೋರ್ಡ್‌ಫಿಶ್. ರಾತ್ರಿ ಮೇಲೆ ಬರುತ್ತದೆ, ಹಗಲು 500 ಮೀಟರ್ ಆಳದ ಆಸುಪಾಸಿನಲ್ಲಿ ಇರುತ್ತದೆ. ಮೊದಲು ಎಲ್ಲರೂ ರಾತ್ರಿಯೇ ಹಿಡಿಯುತ್ತಿದ್ದರು. ಈಗ ಹಗಲಲ್ಲೂ ಅಷ್ಟು ಆಳಕ್ಕೆ ಭಾರ ಕಟ್ಟಿ ಗಾಳ ಇಳಿಸುವವರು ಇದ್ದಾರೆ. ಮೀನು ಊಟ ಬಿಟ್ಟಿರಲಿಲ್ಲ. ಊಟದ ಮನೆ ಬದಲಾಗಿತ್ತು.

#7 ಕಡಲಕ್ಕಿ

ಹೌದು, ಇದರ ಹಿಂದೆ ದೊಡ್ಡ ಮೆರವಣಿಗೆಯೇ ಇದೆ. ಸಮುದ್ರದ ಸಣ್ಣ ಜೀವಿಗಳು ಕತ್ತಲಾದ ಮೇಲೆ ಮೇಲಕ್ಕೆ ಬಂದು, ಬೆಳಗಾಗುವ ಮೊದಲು ಕೆಳಗೆ ಇಳಿಯುತ್ತವೆ. ಅವುಗಳ ಹಿಂದೆ ಸಣ್ಣ ಮೀನು, ಅದರ ಹಿಂದೆ ದೊಡ್ಡದು. ದಿನಾ ನಡೆಯುತ್ತದೆ, ಎಲ್ಲಾ ಸಮುದ್ರಗಳಲ್ಲೂ. ಮೇಲೆ ಇಳಿಯುವವರು, ಹತ್ತುವವರು ಸೇರುವ ಹೊತ್ತು ಬೆಳಗ್ಗೆ ಮತ್ತು ಸಂಜೆ. ಬಸ್ ಸ್ಟ್ಯಾಂಡ್ ರಷ್ ಇದ್ದ ಹಾಗೆ.

#8 ಭರತ_ಇಳಿತ

ಇಷ್ಟು ಹೊತ್ತಾದರೂ ಯಾರೂ ಭರತ-ಇಳಿತದ ಮಾತು ಎತ್ತಿಲ್ಲ! ದಡದ ಹತ್ತಿರ, ಅಳಿವೆ ಬಾಯಲ್ಲಿ, ಕಲ್ಲುಗಳ ಸುತ್ತ ಹಿಡಿಯುವುದಾದರೆ ಗಡಿಯಾರಕ್ಕಿಂತ ಇದೇ ಮುಖ್ಯ. ನೀರು ಹರಿಯುವಾಗ ಸಣ್ಣ ಮೀನು ಸೆಳೆತಕ್ಕೆ ಸಿಕ್ಕಿ ತೇಲಿ ಬರುತ್ತದೆ. ದೊಡ್ಡ ಮೀನು ಕಲ್ಲಿನ ಮರೆಯಲ್ಲಿ ಬಾಯಿ ತೆರೆದು ಕಾಯುತ್ತದೆ. ನೀರು ನಿಂತರೆ ಅದಕ್ಕೂ ರಜೆ.

ಹೆಚ್ಚಿನ ಕರಾವಳಿಗಳಲ್ಲಿ 24 ಗಂಟೆ 50 ನಿಮಿಷದಲ್ಲಿ ಎರಡು ಭರತ, ಎರಡು ಇಳಿತ. ಕೆಲವು ಕಡೆ ಒಂದೊಂದೇ. ಅಂದರೆ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಗ್ಗೆ 6ಕ್ಕೆ ಭರತ ಇದ್ದರೆ, ಮುಂದಿನ ವಾರ ಅದೇ 6ಕ್ಕೆ ಇಳಿತದ ಹತ್ತಿರ ಇರುತ್ತದೆ. "ಹೋದ ಸಲ 6ಕ್ಕೆ ಹೋದೆವು, ಚೆನ್ನಾಗಿ ಸಿಕ್ಕಿತು" ಅನ್ನುವ ಮಾತಿಗೆ ಬೆಲೆ ಇಲ್ಲದ್ದು ಇದಕ್ಕೇ.

ನೀರು ಸಮನಾಗಿ ಏರಿ ಇಳಿಯುವುದಿಲ್ಲ. ಆರು ಗಂಟೆಯ ಇಳಿತವನ್ನು 12 ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು ನಾಲ್ಕನೇ ಗಂಟೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದಾಜಿನ ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಓಡಾಡಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಅಷ್ಟಮಿ ಹೊತ್ತಿಗೆ ಸಣ್ಣದು.

#9 ಮೊದಲ_ಗಾಳ

ತುಂಬ ಥ್ಯಾಂಕ್ಸ್. ತಲೆ ಸ್ವಲ್ಪ ತಿರುಗುತ್ತಿದೆ, ಬೋಟ್ ಹತ್ತುವ ಮೊದಲೇ. ನಾವು ಹೋಗುವ ದಿನದ ಪಟ್ಟಿ ನೋಡಿದೆ. ಭರತ ಬೆಳಗ್ಗೆ 5:20, ಇಳಿತ 11:35, ಮತ್ತೆ ಭರತ ಸಂಜೆ 5:45. ಈಗ ಹೇಳಿ, ಯಾವುದು?

#10 ಭರತ_ಇಳಿತ

ಪಟ್ಟಿ ಹಾಕಿದ್ದು ಒಳ್ಳೆಯದಾಯಿತು. ಬೆಳಗಿನ ಟ್ರಿಪ್‌ನಲ್ಲಿ 7:25ರಿಂದ 9:30ರವರೆಗೆ ನೀರು ಜೋರಾಗಿ ಇಳಿಯುತ್ತಿರುತ್ತದೆ. ಮಧ್ಯಾಹ್ನದ ಟ್ರಿಪ್‌ನಲ್ಲಿ 1:40ರಿಂದ 3:40ರವರೆಗೆ ಜೋರಾಗಿ ಏರುತ್ತಿರುತ್ತದೆ. ಎರಡೂ ಚೆನ್ನಾಗಿವೆ. ಸಂಜೆ ಟ್ರಿಪ್‌ಗೆ ಮಾತ್ರ ಮೊದಲ ಒಂದು-ಒಂದೂವರೆ ಗಂಟೆ ನೀರು ನಿಂತಂತೆ ಇರುತ್ತದೆ. ನಿಮ್ಮ ಸಂಜೆಯ ಒಳ್ಳೆಯ ಬೆಳಕು ಅದರಲ್ಲೇ ಕಳೆದುಹೋಗುತ್ತದೆ.

ಒಂದು ಎಚ್ಚರಿಕೆ. ಪಟ್ಟಿ ಹೇಳುವುದು ನೀರಿನ ಎತ್ತರ. ಸೆಳೆತ ನಿಲ್ಲುವ ಹೊತ್ತು ಎಲ್ಲಾ ಕಡೆ ಅದಕ್ಕೆ ತಾಳೆಯಾಗುವುದಿಲ್ಲ. ಅದು ಆ ಜಾಗದ ಕ್ಯಾಪ್ಟನ್‌ಗೆ ಗೊತ್ತು.

#11 ಅನುಮಾನದ_ಅಣ್ಣ

ಗಮನಿಸಿದಿರಾ? ಆರು ಗಂಟೆಗೊಮ್ಮೆ ತಿರುಗುವ ನೀರಿನಲ್ಲಿ ನಾಲ್ಕು ಗಂಟೆಯ ಟ್ರಿಪ್ ಯಾವಾಗ ಇಟ್ಟರೂ ಹರಿವ ನೀರು ಸಿಕ್ಕೇ ಸಿಗುತ್ತದೆ. ಅಷ್ಟಕ್ಕೆ ಇಷ್ಟು ಗಣಿತ!

#12 ಭರತ_ಇಳಿತ

ಸಿಗುತ್ತದೆ ಅಣ್ಣಾ. ಆದರೆ ಅದರಲ್ಲಿ ಒಂದೂವರೆ ಗಂಟೆ ಓಡಾಟಕ್ಕೆ ಹೋದರೆ ಹರಿವ ನೀರು ದಾರಿಯಲ್ಲೇ ಮುಗಿಯಬಹುದು. ಗಣಿತ ಅದಕ್ಕೆ. ಜೊತೆಗೆ ಗಾಳಿ ಒಂದು ಕಡೆಯಿಂದ, ಸೆಳೆತ ಎದುರು ಕಡೆಯಿಂದ ಬಂದರೆ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಅಳಿವೆ ಬಾಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಕಡಲ ಗಾಳಿ ಒಳಗೆ ಬೀಸಿದರೆ ಆಯಿತು ಕಥೆ. ಬೆಳಗಿನ ಟ್ರಿಪ್‌ನವರು ಹತ್ತಕ್ಕೆ ವಾಪಸ್ ಬರುವಾಗ ಇದು ಸ್ವಲ್ಪ ಸಿಗಬಹುದು. ಒಂಬತ್ತೂವರೆಗೆ ಒಳಗೆ ಬಂದರೆ ನೆಮ್ಮದಿ.

#13 ಆ್ಯಪ್_ಪ್ರಿಯ

ನನ್ನ ಆ್ಯಪ್‌ನಲ್ಲಿ ಆ ದಿನ ಮಧ್ಯಾಹ್ನ 2 ಗಂಟೆಗೆ ನಾಲ್ಕು ಮೀನಿನ ಚಿತ್ರ ತೋರಿಸುತ್ತಿದೆ. ಚಂದ್ರ ನೆತ್ತಿಗೆ ಬರುವ ಹೊತ್ತಂತೆ. ಬೆಳಗ್ಗೆ ಒಂದೇ ಮೀನು.

#14 ಅನುಮಾನದ_ಅಣ್ಣ

ಇದಕ್ಕೇ ಕಾಯುತ್ತಿದ್ದೆ. 1926ರಲ್ಲಿ ಜಾನ್ ಆಲ್ಡೆನ್ ನೈಟ್ ಅನ್ನುವವರು ಸೂರ್ಯ-ಚಂದ್ರರ ಲೆಕ್ಕದ ಈ ಪದ್ಧತಿ ಶುರು ಮಾಡಿದರು. ಚಂದ್ರ ನೆತ್ತಿಯ ಮೇಲೆ, ಪಾದದ ಕೆಳಗೆ ಇದ್ದಾಗ ದೊಡ್ಡ ಹೊತ್ತು. ಹುಟ್ಟುವಾಗ, ಮುಳುಗುವಾಗ ಚಿಕ್ಕ ಹೊತ್ತು. ದೊಡ್ಡದು ಎರಡೆರಡು ಗಂಟೆ, ಚಿಕ್ಕದು ಒಂದೊಂದು ಗಂಟೆ ಅಂತ ಇಟ್ಟರೂ ದಿನದ ಕಾಲು ಭಾಗ ಆಯಿತು. ಅಷ್ಟು ಅಗಲದ ಬಲೆ ಹಾಕಿದರೆ ಯಾವುದಾದರೂ ಮೀನು ಬಿದ್ದೇ ಬೀಳುತ್ತದೆ, ಅಲ್ವಾ? ಚಂದ್ರ ನೀರು ಎಳೆಯುವುದಂತೂ ನಿಜ. ಅದನ್ನು ಭರತ-ಇಳಿತದ ಪಟ್ಟಿಯೇ ಹೇಳುತ್ತದೆ.

ಗಾಳಿಯ ಒತ್ತಡ ನೋಡಿ ಮೀನು ಕಚ್ಚುತ್ತದೆ ಅನ್ನುವವರಿಗೂ ಒಂದು ಮಾತು. ಹವಾಮಾನದಿಂದ ಒತ್ತಡ 10 ಹೆಕ್ಟೊಪಾಸ್ಕಲ್ ಬದಲಾದರೆ ಅದು 10 ಸೆಂಟಿಮೀಟರ್ ನೀರಿಗೆ ಸಮ. ಒಂದು ಸಣ್ಣ ಅಲೆ ಮೇಲೆ ಹೋದರೆ ಮೀನಿಗೆ ಅದಕ್ಕಿಂತ ಜಾಸ್ತಿ ಬದಲಾಗುತ್ತದೆ. ಒತ್ತಡ ಇಳಿದಾಗ ಬರುವ ಮೋಡ, ಗಾಳಿ ಮೀನಿನ ಮೇಲೆ ಪರಿಣಾಮ ಬೀರಬಹುದು. ಅದು ಬೇರೆ ಮಾತು.

#15 ಆ್ಯಪ್_ಪ್ರಿಯ

ನನಗೆ ಆ್ಯಪ್ ನೋಡಿ ಹೋದಾಗಲೇ ಮೀನು ಸಿಕ್ಕಿರುವುದು.

#16 ಅನುಮಾನದ_ಅಣ್ಣ

ನೋಡದೆ ಎಷ್ಟು ಸಲ ಹೋಗಿದ್ದೀರಿ?

#17 ಆ್ಯಪ್_ಪ್ರಿಯ

ಹೋಗಿಲ್ಲ.

#18 ನೆಲವೇ_ಲೇಸು

ಮೀನಿನ ಮಾತು ಸಾಕು, ಹೊಟ್ಟೆಯ ಮಾತು ಕೇಳಿ. ನಾನು ಒಂದೇ ಒಂದು ಸಲ ಹೋಗಿದ್ದು, ಮಧ್ಯಾಹ್ನ. ದಡದಿಂದ ನೋಡಿದರೆ ಏನೂ ಅಲೆ ಇರಲಿಲ್ಲ. ಓಡುವಾಗಲೂ ಪರವಾಗಿರಲಿಲ್ಲ. ಬೋಟ್ ನಿಲ್ಲಿಸಿ ಗಾಳ ಬಿಟ್ಟರು ನೋಡಿ, ಆಗ ಶುರುವಾಯಿತು. ನಿಂತ ಬೋಟ್ ಅಲೆ ಬಂದ ಕಡೆಗೆಲ್ಲ ಹೊರಳುತ್ತದೆ. ಮೂರು ಗಂಟೆ ನಾನು ಬಕೆಟ್ ಹಿಡಿದಿದ್ದೆ, ಗಾಳ ಅಲ್ಲ.

ಕಲಿತದ್ದು ಇಷ್ಟು. ಮಾತ್ರೆ ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು, ಸಂಕಟ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಮಗುವಿಗೆ, ವಯಸ್ಸಾದವರಿಗೆ ಯಾವುದು ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿ, ಕೆಲವು ಮಾತ್ರೆಗೆ ತೂಕಡಿಕೆ ಬರುತ್ತದೆ. ಬೋಟ್‌ನ ಮಧ್ಯ ಅಥವಾ ಹಿಂಭಾಗದಲ್ಲಿ ಕೂರಬೇಕು, ಆದರೆ ಡೀಸೆಲ್ ಹೊಗೆ ಬರುವ ಕಡೆ ಅಲ್ಲ. ಒಳಗಿನ ಕೋಣೆಗೆ ಹೋಗಬಾರದು. ಮೊಬೈಲ್ ನೋಡಬಾರದು. ದೂರದ ಬಾನಂಚು ನೋಡುತ್ತಿರಬೇಕು.

ಹವಾಮಾನ ನೋಡುವಾಗ ಅಲೆಯ ಎತ್ತರ ಮಾತ್ರ ನೋಡಬೇಡಿ. ಒಂದು ಅಲೆಯಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಬರೆದಿರುತ್ತಾರೆ. ಒಂದು ಮೀಟರ್ ಅಲೆ 10 ಸೆಕೆಂಡಿಗೊಮ್ಮೆ ಬಂದರೆ ತೊಟ್ಟಿಲು. ಅದೇ ಒಂದು ಮೀಟರ್ 4 ಸೆಕೆಂಡಿಗೊಮ್ಮೆ ಬಂದರೆ ಒರಳುಕಲ್ಲು, ನಾವು ಒಳಗಿನ ಅಕ್ಕಿ.

#19 ರಾತ್ರಿ_ದೀಪ

ಸಂಜೆ ಟ್ರಿಪ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಬಿಸಿಲಿಲ್ಲ, ಗಾಳಿ ಇಳಿಯುತ್ತಿರುತ್ತದೆ, ಕತ್ತಲಾದ ಮೇಲೆ ಸ್ನ್ಯಾಪರ್ ಧೈರ್ಯವಾಗಿ ಕಚ್ಚುತ್ತದೆ. ದೀಪ ಇಳಿಬಿಟ್ಟರೆ ಸಣ್ಣ ಮೀನು ಮುತ್ತುತ್ತವೆ, ಅವುಗಳ ಹಿಂದೆ ಬೊಂಡಾಸ್ (ಸ್ಕ್ವಿಡ್) ಬರುತ್ತದೆ. ಬೆಳದಿಂಗಳು ಇಲ್ಲದ ರಾತ್ರಿಯಾದರೆ ದೀಪಕ್ಕೆ ಬೆಲೆ ಜಾಸ್ತಿ. ಬೇಸಿಗೆಯಲ್ಲಿ ನಾನು ಹಗಲು ಹೋಗುವುದೇ ಬಿಟ್ಟಿದ್ದೇನೆ.

ಆದರೆ ಮೊದಲ ಸಲ, ಮಂಡಿ ನೋವಿನ ಹಿರಿಯರು, ಚಿಕ್ಕ ಹುಡುಗ. ಕತ್ತಲಲ್ಲಿ ಒದ್ದೆ ಡೆಕ್, ಹಗ್ಗ, ಗಾಳದ ಮೊನೆ. ಬಾನಂಚು ಕಾಣದಿದ್ದರೆ ಹೊಟ್ಟೆ ತೊಳಸುವುದೂ ಬೇಗ. ನಿಮಗೆ ಈ ಸಲ ಬೇಡ ಅಂತ ನಾನೇ ಹೇಳುತ್ತೇನೆ.

#20 ಹಳೇ_ಡೆಕ್ಕು

ಬುಕ್ ಮಾಡುವವರಿಗೆ ಯಾರೂ ಹೇಳದ ಒಂದು ವಿಷಯ. ಮಧ್ಯಾಹ್ನದ ಟ್ರಿಪ್ ಅಂದರೆ ಆ ಬೋಟ್‌ನ ಎರಡನೇ ಟ್ರಿಪ್. ಎರೆ ಬೆಳಗ್ಗೆಯದೇ ಉಳಿದಿರಬಹುದು. ಹುಡುಗರು ನಾಲ್ಕು ಗಂಟೆಗೆ ಎದ್ದವರು. ಬೆಳಗಿನವರು ತಡವಾಗಿ ಬಂದರೆ ನಿಮ್ಮದೂ ತಡ. ಹತ್ತಿರದ ಕಲ್ಲಿನ ಮೇಲೆ ಬೆಳಗ್ಗೆ ಇನ್ನೂ ನಾಲ್ಕು ಬೋಟ್ ಗಾಳ ಹಾಕಿ ಹೋಗಿರುತ್ತವೆ. ಎಲ್ಲಾ ಬೋಟ್‌ಗಳೂ ಹೀಗೆ ಅಂತಲ್ಲ. ನಮ್ಮದು ಹೀಗಿತ್ತು.

ಚಳಿಗಾಲದಲ್ಲಿ ತಣ್ಣನೆಯ ಕಡೆ, ಆಳ ಕಡಿಮೆ ಇರುವ ನೀರಿನಲ್ಲಿ ಹಿಡಿಯುವುದಾದರೆ ಮಾತ್ರ ನಾನು ಮಧ್ಯಾಹ್ನ ಅನ್ನುತ್ತೇನೆ. ಬಿಸಿಲಿಗೆ ನೀರು ಸ್ವಲ್ಪ ಕಾದ ಮೇಲೆ ಮೀನು ಚುರುಕಾಗುತ್ತದೆ. ಬಿರುಬೇಸಿಗೆಯಲ್ಲಿ ಇದರ ಉಲ್ಟಾ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನು ಆಳಕ್ಕೆ ಜಾರುತ್ತದೆ.

ಮೊದಲ_ಗಾಳ ಅವರೇ, ಕ್ಯಾಪ್ಟನ್‌ಗೆ ಫೋನ್ ಮಾಡಿ, 5:30ಕ್ಕೆ ಹೊರಟು 9:30ಕ್ಕೆ ಬರೋಣವೇ ಅಂತ ಕೇಳಿ. ಹತ್ತಿರದ ಜಾಗ ಸಾಕು ಅನ್ನಿ. ಸುಮಾರು ಜನ ಒಪ್ಪುತ್ತಾರೆ, ಅವರಿಗೂ ಡೀಸೆಲ್ ಉಳಿಯುತ್ತದೆ.

#21 ಮೊದಲ_ಗಾಳ

ಹೋಗಿ ಬಂದೆವು! ವರದಿ ಒಪ್ಪಿಸುತ್ತಿದ್ದೇನೆ.

ಕ್ಯಾಪ್ಟನ್ 5:30ಕ್ಕೆ ಒಪ್ಪಿದರು. 18 ಕಿ.ಮೀ. ದೂರದ ಕಲ್ಲು, ಅರ್ಧ ಗಂಟೆಯ ದಾರಿ. ಎರೆ ಅವರೇ ಮೊದಲೇ ಇಟ್ಟಿದ್ದರು. ಮಗ ಎದ್ದಿದ್ದು ಹೇಗೆ ಅಂತ ಕೇಳಬೇಡಿ, ಎತ್ತಿಕೊಂಡು ಕಾರಿಗೆ ಹಾಕಿದ್ದು. ಸೂರ್ಯ ಹುಟ್ಟುವ ಹೊತ್ತಿಗೆ ಬೋಟ್ ಹಿಂದೆ ಎಳೆಯುತ್ತಿದ್ದ ಗಾಳಕ್ಕೆ ಒಂದು ಅಂಜಲ್ ಬಿತ್ತು. ಕೋಲು ಅಪ್ಪನ ಕೈಯಲ್ಲಿತ್ತು. ಅವರು ಕುರ್ಚಿಯಲ್ಲಿ ಕೂತೇ ಎಳೆದರು, ಮಂಡಿಗೆ ಕೆಲಸ ಇರಲಿಲ್ಲ. ಆಮೇಲೆ ಒಂದು ಗಂಟೆ ಏನೂ ಇಲ್ಲ. ಭಾವನ ಮುಖ ನೋಡುವ ಹಾಗಿತ್ತು. 7:50ರಿಂದ 8:40ರ ಮಧ್ಯೆ ತಳದ ಗಾಳಕ್ಕೆ ನಾಲ್ಕು ಸ್ನ್ಯಾಪರ್, ಎರಡು ಮಗನಿಗೆ. ಸಣ್ಣ ಗ್ರೂಪರ್ ಒಂದು ಬಂತು, ಬಿಟ್ಟೆವು. 9:15ಕ್ಕೆ ಗಾಳಿ ಎದ್ದಿತು, ಬರುವಾಗ ಸ್ವಲ್ಪ ನೆನೆದೆವು. ಬಕೆಟ್ ಬೇಕಾಗಲಿಲ್ಲ.

#22 ಭರತ_ಇಳಿತ

7:50ರಿಂದ 8:40! ನಾನು ಹೇಳಿದ 7:25-9:30ರ ಒಳಗೇ ಇದೆ ನೋಡಿ.

#23 ಕಡಲಕ್ಕಿ

ಅಂಜಲ್ ಬಿದ್ದಿದ್ದು ಸೂರ್ಯ ಹುಟ್ಟುವಾಗ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಸ್ವಾಮಿ.

#24 ಅನುಮಾನದ_ಅಣ್ಣ

ಒಂದು ದಿನ, ಆರು ಮೀನು. ಇದರಿಂದ ಏನು ಸಾಬೀತಾಯಿತು ಅಂತ ಕೇಳಬೇಕು ಅನ್ನಿಸಿತು. ಅಪ್ಪನವರು ಅಂಜಲ್ ಎಳೆದ ಸುದ್ದಿ ಓದಿ ಸುಮ್ಮನಾದೆ.

#25 ಮೊದಲ_ಗಾಳ

ಈಗ ಹೊಸ ತಲೆನೋವು. ಮಗ ಬೊಂಡಾಸ್ ಹಿಡಿಯಬೇಕು ಅನ್ನುತ್ತಿದ್ದಾನೆ. ರಾತ್ರಿ ಅಂದರೆ ಬೇಗ ಏಳಬೇಕಾಗಿಲ್ಲವಲ್ಲ ಅನ್ನುವ ಲೆಕ್ಕ ಅವನದು. ರಾತ್ರಿ_ದೀಪ ಅವರೇ, ಅಪ್ಪನನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೇ ಬಂದರೆ ಆಗುತ್ತದಾ?

#26 ರಾತ್ರಿ_ದೀಪ

ಆಗುತ್ತದೆ. ಅಮಾವಾಸ್ಯೆಯ ಆಸುಪಾಸು ನೋಡಿ, ಗಾಳಿ 10 ನಾಟ್ ಒಳಗಿರಲಿ. ಲೈಫ್ ಜಾಕೆಟ್ ಒಂದು ನಿಮಿಷವೂ ಬಿಚ್ಚಬಾರದು. ಹಳೇ ಬಟ್ಟೆ ಹಾಕಿಸಿ, ಬೊಂಡಾಸ್ ಮಸಿ ಉಗಿದರೆ ಹೋಗುವುದಿಲ್ಲ.